ಬಿಳಿ ಕಿಮೊನೋ, ಬಲ ಮಡಿಕೆ

ಇಪ್ಪತ್ತೈದು ವರ್ಷ ಪಂಚೆ ಉಟ್ಟು ಪಳಗಿದ ಸೊಂಟ ನನ್ನದು. ಜಗತ್ತಿನ ಯಾವ ಉಡುಪೂ ಅದಕ್ಕೆ ಲೆಕ್ಕಕ್ಕಿಲ್ಲ! ಡಚ್ಚರ ನಾಡಿನ ಬಾಡ್‌ಹೂವೆಡಾರ್ಪ್ ಎಂಬ ಊರಿನ ನಮ್ಮ ಅಡುಗೆಮನೆಯಲ್ಲಿ ನಾನು ಹೀಗೆಂದು ಘೋಷಿಸಿದಾಗ ಹೆಂಡತಿ ಉಮಾವತಿ ದೋಸೆ ಎಬ್ಬಿಸುತ್ತಿದ್ದಳು.

ಸಂಗತಿ ಇಷ್ಟೇ. ಅವಳು ಜಪಾನಿ ಕಂಪನಿಯೊಂದರಲ್ಲಿ ಎರಡು ವರ್ಷದಿಂದ ತಾತ್ಕಾಲಿಕ ನೌಕರಿಯಲ್ಲಿದ್ದಳು. ಖಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂದು ಬಾಸ್ ಮೊರಿಮೊಟೊ ಸೋಮವಾರ ತೀರ್ಮಾನಿಸುವವರಿದ್ದರು. ಶನಿವಾರ ಅವರ ಮನೆಯಲ್ಲಿ ನಮಗೆ ಊಟ.

"ನಾನು ಕಿಮೊನೋ ಉಟ್ಟು ಬರ್ತೇನೆ. ನಿನ್ನ ಕೆಲಸ ಖಾಯಂ ಅಂತಲೇ ತಿಳ್ಕೋ!"

"ನಿಮಗೆಂತ ಮರ್ಲಾ ಮಾರಾಯ್ರೆ? ಪ್ಯಾಂಟ್ ಹಾಕಿ ಸುಮ್ಮನೆ ಬನ್ನಿ."

"ನಿನಗೆ ಇತಿಹಾಸ ಗೊತ್ತುಂಟಾ? ಮುನ್ನೂರು ವರ್ಷದ ಹಿಂದೆ ಇಲ್ಲಿನ ಡಚ್ ಸಾಹುಕಾರರೇ ಜಪಾನಿನಿಂದ ನಿಲುವಂಗಿ ತರಿಸಿ, ಅದನ್ನು ತೊಟ್ಟು ಪಟ ಬರೆಸಿಕೊಳ್ತಿದ್ರು!"

"ಅವರ ಹೆಂಡತಿಯರಿಗೆ ಆಫೀಸಿರ್ಲಿಲ್ಲ."

ಆನ್‌ಲೈನಿನಲ್ಲಿ ಹುಡುಕಿದೆ. ಹೂವಿನದು, ಕೊಕ್ಕರೆಯದು ಎಲ್ಲ ಬಿಟ್ಟು, ಪಂಚೆಯ ಹಾಗೆ ಅಚ್ಚ ಬಿಳಿಯದನ್ನೇ ತರಿಸಿದೆ. ಉಡುವಾಗ ಒಂದೇ ಪ್ರಶ್ನೆ: ಎರಡು ಅಂಚಿನಲ್ಲಿ ಯಾವುದು ಮೇಲೆ? "ವಿಡಿಯೊ ನೋಡಿ," ಎಂದಳು ಉಮಾವತಿ. ವಿಡಿಯೊ ಯಾಕೆ? ಬಲಗೈಯಲ್ಲೇ ಉಂಡು, ಬಲಗಾಲಿಟ್ಟೇ ಗೃಹಪ್ರವೇಶ ಮಾಡಿದ ಉಡುಪಿಯವನಿಗೆ ಇದನ್ನೂ ಹೇಳಿಕೊಡಬೇಕೇ! ಬಲಗಡೆಯ ಅಂಚನ್ನು ಮೇಲೆ ತಂದು ನಡುಕಟ್ಟು ಬಿಗಿದೆ.

ಹೆಜ್ಜೆ ಗೇಣಿಗಿಂತ ಉದ್ದ ಹೋಗದೆ ಒಂದು ಬಸ್ಸು ತಪ್ಪಿತು. ಅರ್ಧ ಗಂಟೆ ತಡವಾಗಿ ಬಾಸ್ ಮನೆ ತಲುಪಿದರೆ ಒಳಗಿದ್ದ ಜಪಾನಿಯರೆಲ್ಲ ಸೂಟು, ಜೀನ್ಸು! ಕಿಮೊನೋದಲ್ಲಿದ್ದವರು ಇಬ್ಬರೇ: ಕ್ಯೋಟೊದಿಂದ ಬಂದಿದ್ದ ಬಾಸಿನ ಎಂಬತ್ತನಾಲ್ಕರ ತಾಯಿ, ಮತ್ತು ನಾನು. ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಚಹಾದ ಬಟ್ಟಲು ಕೆಳಗಿಟ್ಟು, ಕಣ್ಣು ಮುಚ್ಚಿ, ಕೈಮುಗಿದರು.

"ನೋಡು, ಎಷ್ಟು ಗೌರವ!" ಎಂದು ಉಮಾವತಿಗೆ ಪಿಸುಗುಟ್ಟಿ ನಾನೂ ಬಾಗಿ ಕೈಮುಗಿದೆ. ಅಜ್ಜಿ ಬೆಚ್ಚಿಬಿದ್ದು ಎರಡು ಹೆಜ್ಜೆ ಹಿಂದೆ ಸರಿದರು.

ಮೊರಿಮೊಟೊ ಮೆಲ್ಲಗೆ ಕೆಮ್ಮಿದರು. "ಮಿಸ್ಟರ್ ರಮಾನಾಥ, ಎಡಗಡೆಯ ಅಂಚು ಮೇಲೆ ಬರಬೇಕು. ಬಿಳಿ ಕಿಮೊನೋ, ಅದರಲ್ಲೂ ಬಲಗಡೆ ಮೇಲೆ ತಂದು ನಾವು ಉಡಿಸುವುದು... ಹೆಣಕ್ಕೆ."

ಉಮಾವತಿಯ ಮುಖ ಬಿಳಿಚಿಕೊಂಡಿತು. ನನಗೆ ನಿಜಕ್ಕೂ ಅಳು ಬಂತು. ಅವಳ ಎರಡು ವರ್ಷದ ದುಡಿಮೆಯನ್ನು ಒಂದೇ ಮಡಿಕೆಯಲ್ಲಿ ಮುಗಿಸಿಬಿಟ್ಟಿದ್ದೆ. ಅಷ್ಟರಲ್ಲಿ ಅಜ್ಜಿ ಧೈರ್ಯ ತಂದುಕೊಂಡು, ಮಡಿಕೆ ಸರಿಪಡಿಸಲು ನನ್ನ ಕಡೆ ಕೈ ಚಾಚಿದರು.

"ಬೇಡ ಅಮ್ಮ, ಹಾಗೇ ಇರಲಿ," ಎಂದಳು ಉಮಾವತಿ ಇಂಗ್ಲಿಷಿನಲ್ಲಿ. "ಹೇಗೂ ಮನೆ ಮುಟ್ಟಿದ ಮೇಲೆ ಇವರನ್ನು ನಾನೇ ಕೊಲ್ತೇನೆ. ಪುನಃ ಉಡಿಸುವ ಕೆಲಸ ತಪ್ತದೆ."

ಮೊರಿಮೊಟೊ ಅದನ್ನು ತಾಯಿಗೆ ಜಪಾನಿಯಲ್ಲಿ ಹೇಳಿದರು. ಅಜ್ಜಿ ಕಿಮೊನೋದ ತೋಳಿನ ಅಂಚಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು ನೋಡಿ, ನಿಲ್ಲಿಸಲೇ ಇಲ್ಲ! ಆಫೀಸಿನಲ್ಲಿ ಯಾರೂ ಹಲ್ಲು ಕಾಣದ ಬಾಸ್ ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಸೋಮವಾರ ಉಮಾವತಿಯ ಕೆಲಸ ಖಾಯಂ ಆಯಿತು.

"ನೋಡಿದಿಯಾ, ಯಾರಿಂದ ಆದದ್ದು?" ಎಂದೆ, ಎದೆಯುಬ್ಬಿಸಿ.

"ನಿಮ್ಮಿಂದಲೇ ಮಾರಾಯ್ರೆ," ಎಂದಳು. "ಮದುವೆಯಾಗಿ ಹದಿನಾರು ವರ್ಷಕ್ಕೆ ನಿಮ್ಮಿಂದ ನನಗೊಂದು ಉಪಕಾರ ಆಯ್ತು. ಅದಕ್ಕೂ ನೀವು ಸಾಯ್ಬೇಕಾಯ್ತು!"