ಗೋಡೆ ದಾಟುವ ಡಬ್ಬಿ

ಹೊಸ ಸಾಮಾನು ಯಾವುದೇ ಬರಲಿ, ಅದನ್ನು ಮಾಡಿದವನು ಕನಸಿನಲ್ಲೂ ನೆನೆಸದ ಒಂದು ಉಪಯೋಗವನ್ನೋ ಒಂದು ಉಪದ್ರವವನ್ನೋ ನಮ್ಮ ದುರ್ಗದ ಸೀಮೆಯ ಜನ ಸಂಜೆಯೊಳಗೆ ಕಂಡುಹಿಡಿದಿರುತ್ತಾರೆ. ನಾನು ಬಿ.ಎಸ್ಸಿ. ಮುಗಿಸಿ ಫೋನ್ ಕಚೇರಿ ಸೇರಿ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಅಂತ ಸುತ್ತಿ ಸುತ್ತಿ ನಿವೃತ್ತನಾದವನು. ಈ ನಾಲ್ಕು ತಾಲ್ಲೂಕಿನ ಕಂಬಗಳಿಗೆ ಬಾಯಿದ್ದರೆ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವು. ನೌಕರಿಯ ಕೊನೆಯ ತಿಂಗಳುಗಳಲ್ಲಿ ನನಗಿದ್ದ ಆಸೆ ಒಂದೇ: ಆಗಷ್ಟೇ ಬಂದಿದ್ದ ವೈರ್‌ಲೆಸ್ ರೂಟರ್, ಒಂದೇ ಒಂದು ಡಬ್ಬಿ, ಯಾರದಾದರೂ ಮನೆಯಲ್ಲಿ ನಿಲ್ಲಬೇಕು. ಮಗಳಿಗೆ ಗಂಡು ಹುಡುಕಿದ್ದಕ್ಕಿಂತ ಕಷ್ಟವಾಯಿತು ಆ ಕೆಲಸ. ಎರಡೂ ಮಾಡಿದವನಾದ್ದರಿಂದ ಹೇಳುತ್ತಿದ್ದೇನೆ.

೧. ಪರಿಚಯ

ಮೊದಲು ಒಂದು ಹಳೆಯ ಕಥೆ. ತೊಂಬತ್ತರ ದಶಕದ ಕೊನೆ ಇರಬೇಕು. ಹೊಸದುರ್ಗದಲ್ಲಿ ಒಬ್ಬ ಡಾಕ್ಟರರ ಮನೆಗೆ ಮೋಡೆಮ್ ಹಾಕಲು ಹೋಗಿದ್ದೆ. ಆಗಿನ ಮೋಡೆಮ್ ನೆನಪಿರುವವರಿಗೆ ಗೊತ್ತು, ಫೋನ್ ವೈರಿಗೆ ಸಿಕ್ಕಿಸಿದರೆ ಇಂಟರ್‌ನೆಟ್ ಸಿಗುವ ಮುಂಚೆ ಕೀಂ, ಕರ್ರ್, ಬೊಂಯ್ ಅಂತ ಒಂದು ರಾಗಾಲಾಪ ಮಾಡುತ್ತಿತ್ತು. ಆ ಊರಿನಲ್ಲಿ ಅದೇ ಮೊದಲನೆಯದು. ಡಾಕ್ಟರು ಕೈಕಟ್ಟಿ ನಿಂತು ಕೇಳುತ್ತಿದ್ದರು. ಅವರ ತಾಯಿ ಸೌಟು ಹಿಡಿದುಕೊಂಡೇ ಒಳಗಿಂದ ಬಂದರು.

“ಏನಪ್ಪ ಅದು, ಬಾಲ ತುಳಿದ ಬೆಕ್ಕಿನಂಗೆ ಕೂಗ್ತೈತೆ?”

“ಏನಿಲ್ಲಮ್ಮ, ಆ ಕಡೆ ಇಂಥದೇ ಇನ್ನೊಂದು ಪೆಟ್ಟಿಗೆ ಇದೆ. ಅದರ ಜೊತೆ ಮಾತಾಡ್ತಿದೆ” ಎಂದೆ.

“ಜಗಳಾನ?”

“ಇಲ್ಲಮ್ಮ, ನೀನು ಯಾರು, ನಾನು ಯಾರು ಅಂತ ಪರಿಚಯ ಮಾಡ್ಕೊಳ್ತಿದೆ.”

ಆಯಮ್ಮ ಇನ್ನೊಂದು ಗಳಿಗೆ ಕಿವಿಗೊಟ್ಟು ಕೇಳಿದರು. “ಪರಿಚಯಕ್ಕೇ ಇಷ್ಟು ರಂಪ ಮಾಡೋವು, ನಾಳೆ ಬೀಗರಾದ್ರೆ ಕಲ್ಯಾಣಮಂಟಪ ಉಳಿತೈತೇನಪ್ಪ?” ಎಂದು ಒಳಗೆ ಹೋದರು.

೨. ವೈರಿಲ್ಲದ್ದರ ವೈರು

ಅದಾಗಿ ಸುಮಾರು ವರ್ಷಗಳ ಮೇಲೆ ವೈರ್‌ಲೆಸ್ ರೂಟರ್ ಬಂತು. ಚಿತ್ರದುರ್ಗದಲ್ಲಿ ಒಂದು ಸಭಾಂಗಣ ಹಿಡಿದು, ವ್ಯಾಪಾರಸ್ಥರನ್ನೂ ನಾಲ್ಕು ಜನ ಮೇಷ್ಟ್ರುಗಳನ್ನೂ ಕರೆದು, ಉಪ್ಪಿಟ್ಟು ಕೇಸರಿಬಾತ್ ಮಾಡಿಸಿ, ಅದನ್ನು ಜನಕ್ಕೆ ತೋರಿಸುವ ಕಾರ್ಯಕ್ರಮ ಇಟ್ಟೆವು. ಬೆಂಗಳೂರಿನಿಂದ ಬಂದ ಅಧಿಕಾರಿ ತುಂಬ ಹುರುಪಿನ ಮನುಷ್ಯ. ಎರಡು ಕೊಂಬಿನ ಆ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟು, ಲ್ಯಾಪ್‌ಟಾಪನ್ನು ಪೂಜೆ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಸಭಾಂಗಣದ ತುಂಬ ಓಡಾಡಿದರು. “ನೋಡಿ, ವೈರ್ ಇಲ್ಲ! ಇಲ್ಲೂ ಇಂಟರ್‌ನೆಟ್! ಗೋಡೆ ಆಚೆ ಹೋದರೂ ಇಂಟರ್‌ನೆಟ್!”

ಚಪ್ಪಾಳೆ ಬರಲಿಲ್ಲ. ನಮ್ಮವರು ಹಾಗೆಲ್ಲ ಮೊದಲನೇ ಸಲಕ್ಕೇ ಚಪ್ಪಾಳೆ ತಟ್ಟುವವರಲ್ಲ. ಹಿಂದಿನ ಸಾಲಿನಿಂದ ಒಬ್ಬ ಹೋಟೆಲ್ ಯಜಮಾನರು ಎದ್ದು ಬಂದು, ಡಬ್ಬಿಯನ್ನು ತಿರುಗಿಸಿ ಅದರ ಬೆನ್ನು ನೋಡಿದರು.

“ವೈರಿಲ್ಲ ಅಂದ್ರಿ. ಇಲ್ಲಿ ಎರಡು ಅವಲ್ಲ?”

“ಅದು ಒಂದು ಕರೆಂಟಿಂದು, ಇನ್ನೊಂದು ಫೋನ್ ಲೈನಿಂದು” ಎಂದರು ಅಧಿಕಾರಿ.

“ಅಲ್ರಿ ಸಾಹೇಬ್ರೆ, ನಮ್ಮ ಹಳೇ ಫೋನು ವೈರಿಂದು. ಅದಕ್ಕೆ ಐತೆ ಒಂದು. ಇದು ವೈರಿಲ್ಲದ್ದು. ಇದಕ್ಕೆ ಎರಡಾ?”

ಸಭೆಗೆ ಸಭೆಯೇ ನಕ್ಕಿತು. ಉಪ್ಪಿಟ್ಟು ಖರ್ಚಾಯಿತು, ಡಬ್ಬಿ ಒಂದೂ ಖರ್ಚಾಗಲಿಲ್ಲ.

ಮಾರನೇ ದಿನ ನಮ್ಮ ಸ್ಥಳೀಯ ಸಾಹೇಬರು ನನ್ನನ್ನು ಕರೆದರು. “ನೋಡ್ರಿ, ನೀವು ಬಾಯಿದ್ದ ಮನುಷ್ಯ. ಬೇಡವಾದರೆ ವಾಪಸ್ ತಗೋತೀವಿ ಅಂತ ಹೇಳಿ ಇವನ್ನು ಮನೆಮನೆಗೆ ಇಟ್ಟು ಬನ್ನಿ. ನಿಮ್ಮ ನಿವೃತ್ತಿಯೊಳಗೆ ಒಂದಾದರೂ ನಿಲ್ಲಬೇಕು. ಇಲ್ಲದಿದ್ದರೆ ಅಷ್ಟನ್ನೂ ಬೇರೆ ಜಿಲ್ಲೆಗೆ ಕಳಿಸೋಕೆ ಹೇಳಿದ್ದಾರೆ.”

ಬೇರೆ ಜಿಲ್ಲೆಗೆ! ನಮ್ಮ ದುರ್ಗದವರಿಗೆ ಒಗ್ಗಲಿಲ್ಲ ಅಂತ ಡಬ್ಬಿಗಳು ಲಾರಿ ಹತ್ತಿ ಹೋಗುವುದೆಂದರೇನು? ಅದನ್ನು ನೋಡಿಕೊಂಡು ಹಾರ ಹಾಕಿಸಿಕೊಂಡು ಮನೆಗೆ ಹೋಗುವುದಕ್ಕೆ ನನಗೆ ಮನಸ್ಸು ಒಪ್ಪಲಿಲ್ಲ. ಹೆಗಲಿಗೆ ಚೀಲ ಹಾಕಿದೆ.

೩. ಭದ್ರತೆ

ಮೊದಲನೆಯದನ್ನು ಹೊಳಲ್ಕೆರೆಯಲ್ಲಿ ಒಬ್ಬ ಬಟ್ಟೆ ಅಂಗಡಿಯವರ ಮನೆಯಲ್ಲಿ ಇಟ್ಟೆ. ನಡುಮನೆಯಲ್ಲಿ ಎತ್ತರದ ಸ್ಟ್ಯಾಂಡಿನ ಮೇಲೆ ಕೂರಿಸಿ, ಮನೆಯವರಿಗೆಲ್ಲ ತೋರಿಸಿ, ಕಾಫಿ ಕುಡಿದು ಬಂದೆ. ವಾರ ಕಳೆಯುವುದರೊಳಗೆ ಫೋನು. “ಸಾರ್, ನಿಮ್ಮ ಡಬ್ಬಿ ಮಲಗಿಬಿಟ್ಟೈತೆ.”

ಹೋಗಿ ನೋಡಿದರೆ ಸ್ಟ್ಯಾಂಡ್ ಖಾಲಿ. “ಎಲ್ಲಿ ಡಬ್ಬಿ?” ಎಂದೆ. ಮನೆಯಾಕೆ ಸೊಂಟದಿಂದ ಬೀಗದ ಗೊಂಚಲು ತೆಗೆದು, ಮಲಗುವ ಕೋಣೆಯ ಕಬ್ಬಿಣದ ಬೀರು ತೆರೆದರು. ರೇಷ್ಮೆ ಸೀರೆಗಳ ಪಕ್ಕ, ಬೆಳ್ಳಿ ತಟ್ಟೆಯ ಮೇಲೆ, ನಮ್ಮ ರೂಟರ್ ಹಸಿರು ಕಣ್ಣು ಮಿಟುಕಿಸುತ್ತ ಕುಳಿತಿತ್ತು. ವೈರು ಬರಲಿ ಅಂತ ಬೀರುವಿನ ಬೆನ್ನಿಗೆ ತೂತು ಹೊಡೆಸಿದ್ದರು.

“ಇದನ್ನ ಯಾಕಮ್ಮ ಇಲ್ಲಿಟ್ರಿ?”

“ಅಷ್ಟು ಬೆಲೆ ಬಾಳೋದನ್ನ ಬಯಲಾಗೆ ಇಡೋಕಾಗ್ತೈತಾ ಸಾರ್? ಬಂದೋರೆಲ್ಲ ಮುಟ್ಟಿ ನೋಡ್ತಾರೆ.”

ಕಬ್ಬಿಣ ಸಿಗ್ನಲ್ಲನ್ನು ಹೊರಗೆ ಬಿಡುವುದಿಲ್ಲ ಅಂತ ವಿವರಿಸಿದೆ. ಅವರಿಗೆ ಆಗಲೇ ಗೊತ್ತಾಗಿತ್ತು; ಬಾಗಿಲು ತೆಗೆದರೆ ಇಂಟರ್‌ನೆಟ್ ಬರುತ್ತದೆ, ಮುಚ್ಚಿದರೆ ಹೋಗುತ್ತದೆ. ಮಗಳು ಕಂಪ್ಯೂಟರ್ ನೋಡುವಷ್ಟು ಹೊತ್ತೂ ಆಯಮ್ಮ ಬೀರು ಬಾಗಿಲು ತೆರೆದು ಅದರ ಮುಂದೆ ಕುರ್ಚಿ ಹಾಕಿಕೊಂಡು ಕಾವಲು ಕೂರುತ್ತಿದ್ದರಂತೆ.

“ಹೊರಗೆ ಇಡೋಣ” ಎಂದೆ.

“ಬ್ಯಾಡ ಸಾರ್, ತಗೊಂಡು ಹೋಗ್ಬಿಡ್ರಿ” ಎಂದರು ಯಜಮಾನರು ನಡುವೆ ಬಂದು. “ಮೊನ್ನೆ ನನ್ನ ನಾದಿನಿ ಬಂದಿದ್ಲು. ಇವಳು ಬೀರು ತೆಗೆದಿಟ್ಕೊಂಡು ಕುಂತಿದ್ದು ನೋಡಿ, ಸೀರೆ ಕೊಡೋಕೇ ತೆಗೆದವಳೆ ಅಂತ ಎರಡು ಆರಿಸ್ಕೊಂಡು ಹೋದ್ಲು.”

೪. ಮಾಳಿಗೆಯ ಮೇಲೆ

ಎರಡನೆಯದು ಮಾಡದಕೆರೆ. ಅಣ್ಣ ತಮ್ಮ ಇಬ್ಬರ ಕೂಡು ಕುಟುಂಬ. ಕೊಂಬು ಇರುವ ಯಾವ ವಸ್ತುವನ್ನು ಕಂಡರೂ ನಮ್ಮ ಹಳ್ಳಿಯವರಿಗೆ ಟಿ.ವಿ. ಏರಿಯಲ್ ನೆನಪಾಗುತ್ತದೆ ಅನ್ನುವುದು ನನಗೆ ಮೊದಲೇ ಹೊಳೆಯಬೇಕಿತ್ತು. ನಾನು ಇಟ್ಟು ಬಂದ ಎರಡೇ ದಿನಕ್ಕೆ ಆ ಭಾಗದ ಲೈನು ನಮ್ಮ ಕಡೆಯಿಂದಲೇ ಕೆಟ್ಟಿತು. ಅವರು ನಮಗೆ ಫೋನ್ ಮಾಡಲಿಲ್ಲ. ಲೈನು ಸತ್ತರೆ ಫೋನ್ ಮಾಡುವುದಾದರೂ ಎಲ್ಲಿಂದ? ಉದ್ದ ವೈರು ಎಳೆದು ಡಬ್ಬಿಯನ್ನು ಮಾಳಿಗೆ ಹತ್ತಿಸಿದರು.

ನಾನು ದೋಷ ಸರಿಮಾಡಿಸಿ ಅತ್ತ ಹೊರಟು ಅವರ ಬೀದಿಗೆ ಬರುವ ಹೊತ್ತಿಗೆ ಮಾಳಿಗೆಯ ಮೇಲೆ ತಮ್ಮ, ಉರಿಬಿಸಿಲಲ್ಲಿ, ರೂಟರನ್ನು ಎರಡೂ ಕೈಯಲ್ಲಿ ತಲೆ ಮೇಲೆತ್ತಿ ಹಿಡಿದು ನಿಂತಿದ್ದ. ಕೆಳಗೆ ಕಂಪ್ಯೂಟರ್ ಪಕ್ಕದ ಕಿಟಕಿಯಲ್ಲಿ ಅಣ್ಣ.

“ಲೇ, ಅಲ್ಲಾಡಬ್ಯಾಡ! ಅಲ್ಲೇ ಇರು! ಈಗ ಬಂತು ನೋಡು!”

“ಅಣ್ಣ, ಕೈ ಸೋತೋಯ್ತು!”

“ಸುಮ್ನಿರಲೇ, ಇನ್ನರ್ಧ ಫೋಟೋ ಬರ್ಬೇಕು. ಹುಡುಗಿ ಹಣೆವರೆಗೂ ಬಂದವಳೆ!”

ತಮ್ಮನಿಗೇ ನೋಡಿದ ಹುಡುಗಿಯ ಫೋಟೋ ಅದು. ನಾನು ಇಬ್ಬರಿಗೂ ಅರ್ಥಮಾಡಿಸಿದೆ: ಇಂಟರ್‌ನೆಟ್ ಬಂದದ್ದು ಲೈನು ಸರಿಹೋದದ್ದರಿಂದ, ಇವನು ನಿಂತ ದಿಕ್ಕಿನಿಂದ ಅಲ್ಲ. ಅವರು ಗೌರವದಿಂದ ಕೇಳಿದರು, ನೀರು ಮಜ್ಜಿಗೆ ಕೊಟ್ಟರು. ಒಂದು ಮಾತೂ ನಂಬಲಿಲ್ಲ. ಬರಿಗಣ್ಣಿನಿಂದ ಕಂಡದ್ದನ್ನು ಯಾರು ಅಲ್ಲ ಅನ್ನುತ್ತಾರೆ? ತಿಂಗಳೊಳಗೆ ಡಬ್ಬಿಯನ್ನು ಅಣ್ಣನೇ ಹೊಸದುರ್ಗದ ಕಚೇರಿಗೆ ತಂದುಕೊಟ್ಟ.

“ನಿಮ್ಮ ಸಾಮಾನು ಚಲೋ ಐತೆ ಸಾರ್, ಸುಳ್ಳು ಹೇಳಬಾರದು. ಆದ್ರೆ ತಮ್ಮಂಗೆ ಮದುವೆ ಆಯ್ತು. ಇನ್ನು ಹಿಡ್ಕೊಂಡು ನಿಲ್ಲೋಕೆ ಮನೇಲಿ ಯಾರೂ ಇಲ್ಲ.”

೫. ಗ್ಯಾರಂಟಿ

ಹಿರಿಯೂರಿನ ಎಣ್ಣೆ ಮಿಲ್ಲಿನ ಯಜಮಾನರ ಆಫೀಸಿನಲ್ಲಿ ಮಾತ್ರ ಡಬ್ಬಿ ನಿಂತೇ ನಿಂತಿತು ಅಂದುಕೊಂಡಿದ್ದೆ. ಆಯುಧಪೂಜೆಯವರೆಗೂ ಒಂದು ದೂರಿಲ್ಲ. ಹಬ್ಬದ ಮಾರನೇ ದಿನ ಕರೆ ಬಂತು. ಹೋದೆ. ಗಾಣ, ತಕ್ಕಡಿ, ಲಾರಿ, ರೂಟರ್ ಎಲ್ಲಕ್ಕೂ ಒಂದೇ ಮರ್ಯಾದೆ: ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಡಬ್ಬಿಯ ಎರಡು ಕೊಂಬಿಗೂ ಒಂದೊಂದು ನಿಂಬೆಹಣ್ಣು ಚುಚ್ಚಿದ್ದರು. ಅದು ಕಣ್ಣು ಮುಚ್ಚಿತ್ತು. ಎತ್ತಿ ಬಗ್ಗಿಸಿದರೆ ಬುಳಬುಳ ಅಂತ ನೀರು ಸುರಿಯಿತು.

“ಯಜಮಾನ್ರೇ, ಕಾಯಿ ಎಲ್ಲಿ ಒಡೆದ್ರಿ?”

“ಇದರ ಮುಂದೇನೇ. ಲಾರಿ ಮುಂದೆ ಒಡೆದು ಇದರ ಮುಂದೆ ಒಡೀದೆ ಇದ್ರೆ ಇದು ಬೇಜಾರು ಮಾಡ್ಕಳಲ್ವಾ?” ಎಂದರು. “ಇರ್ಲಿ ಬಿಡ್ರಿ, ಗ್ಯಾರಂಟಿ ಐತಲ್ಲ, ಬೇರೆ ಕೊಡ್ರಿ.”

“ನೀರು ಬಿದ್ದರೆ ಗ್ಯಾರಂಟಿ ಇಲ್ಲ ಯಜಮಾನ್ರೇ.”

ಅವರಿಗೆ ನಿಜವಾಗಿಯೂ ನೋವಾಯಿತು. “ನೀರು ಅನ್ನಬ್ಯಾಡ್ರಿ ಸಾರ್. ತೀರ್ಥ ಅದು.”

ಡಬ್ಬಿಯನ್ನೂ ಈ ಮಾತನ್ನೂ ಹಾಗೇ ತಂದು ಸಾಹೇಬರಿಗೆ ಒಪ್ಪಿಸಿದೆ. ಅವರು ಕೊಂಬಿಗಿದ್ದ ನಿಂಬೆಹಣ್ಣನ್ನು ತಿರುಗಿಸಿ ನೋಡಿ, “ತೀರ್ಥಕ್ಕೂ ಗ್ಯಾರಂಟಿ ಇಲ್ಲ ಅಂತ ನಾನು ಹೇಗ್ರಿ ಹೇಳಲಿ, ಮನೇಲಿ ನಮ್ಮಮ್ಮ ಇದ್ದಾರೆ” ಎಂದರು.

೬. ಟವೆಲಿನ ಕೆಳಗೆ

ಉಳಿದದ್ದು ಭೀಮಸಮುದ್ರ. ನನ್ನ ಬೀಳ್ಕೊಡುಗೆಗೆ ಹಾರ ತರಲು ಹೇಳಿ ಆಗಿತ್ತು. ಅಲ್ಲಿನ ದೊಡ್ಡ ಅಡಿಕೆ ವ್ಯಾಪಾರಿಯೊಬ್ಬರು ತಾವಾಗೇ ಕರೆದಿದ್ದರು. ಅವರಿಗೆ ಬೆಳಗ್ಗೆ ಬೆಳಗ್ಗೆ ಉತ್ತರದ ಕಡೆಯ ಖರೀದಿದಾರರಿಂದ ಅವತ್ತಿನ ದರ ಇ-ಮೇಲಿನಲ್ಲಿ ಬರುತ್ತಿತ್ತು. ಅದನ್ನು ಕಂಪ್ಯೂಟರ್ ಕೋಣೆಯ ಬದಲು ಜಗಲಿಯಲ್ಲೇ ಕುಂತು ನೋಡಬೇಕು ಅನ್ನುವುದು ಅವರ ಇಷ್ಟ. ಅವರು ಒಪ್ಪಿದರೆ ಬೀದಿಗೆ ಬೀದಿಯೇ ಒಪ್ಪುತ್ತದೆ ಅಂತ ನನಗೆ ಗೊತ್ತಿತ್ತು.

“ಬರ್ರಿ, ಬರ್ರಿ, ಕುಂತ್ಕಳ್ರಿ” ಎಂದು ಜಗಲಿಯಲ್ಲಿ ಪಕ್ಕದಲ್ಲೇ ಕೂರಿಸಿಕೊಂಡರು. ನಾನು ಡಬ್ಬಿ ಹಚ್ಚಿ, ಹುರುಪಿನಲ್ಲಿ ಬೆಂಗಳೂರಿನ ಅಧಿಕಾರಿಯ ಪಾಠವನ್ನೇ ಒಪ್ಪಿಸಿದೆ. “ಗೋಡೆ ದಾಟುತ್ತದೆ ಯಜಮಾನ್ರೇ!”

ಅವರ ಮುಖ ಇಳಿಯಿತು. “ಯಾವ ಗೋಡೆ?”

“ಯಾವ ಗೋಡೆಯಾದರೂ.”

ಅವರು ಪಕ್ಕದ ಗೋಡೆಯನ್ನು ತೋರಿಸಿದರು. “ಇದರ ಆಚೆ ಯಾರವ್ರೆ ಗೊತ್ತೇನ್ರಿ? ನಮ್ಮ ದೊಡ್ಡಪ್ಪನ ಮಗ. ಅವನದೂ ಅಡಿಕೇನೇ. ಪಾಲಾದಾಗ ಈ ಗೋಡೆ ಎಬ್ಬಿಸಿದ್ದೇ ನನ್ನ ದರ ಅವನ ಕಿವಿಗೆ ಬೀಳಬಾರದು ಅಂತ. ನೀವು ಅದನ್ನ ದಾಟಿಸೋ ಸಾಮಾನು ತಂದಿದೀರಿ. ಬಿಚ್ಚಿ, ಬಿಚ್ಚಿ, ಮೊದಲು ಬಿಚ್ಚಿ.”

ನಾನು ಡಬ್ಬಿಗೆ ಕೈ ಅಡ್ಡ ಇಟ್ಟೆ. “ಯಜಮಾನ್ರೇ, ಇದಕ್ಕೊಂದು ಗುಟ್ಟಿನ ಸಂಖ್ಯೆ ಇದೆ. ಪಾಸ್‌ವರ್ಡ್ ಅಂತಾರೆ. ಅದು ಗೊತ್ತಿಲ್ಲದೆ ಹೊರಗಿನವರು ಯಾರೂ ಒಳಗೆ ಬರೋಕಾಗಲ್ಲ. ಎಂಟು ಅಂಕಿ, ನಾನಾಗಲೇ ಹಾಕಿದ್ದೇನೆ. ಹೇಳ್ತೀನಿ, ಕೇಳಿ—”

“ಶ್! ಬಾಯಿ ಬಿಡಬ್ಯಾಡ್ರಿ.” ಅಂಗಳದಲ್ಲಿ ಹಮಾಲರು ಚೀಲ ಹೊಲಿಯುತ್ತಿದ್ದರು, ಗುಮಾಸ್ತರು ಓಡಾಡುತ್ತಿದ್ದರು. ಆಚೆ ಜಗಲಿಯಲ್ಲಿ ದಾಯಾದಿ ಎಲೆಯಡಿಕೆ ಹಾಕಿಕೊಂಡು ಕುಂತಿದ್ದ. ಬರೆದುಕೊಡುತ್ತೇನೆ ಎಂದೆ. “ಚೀಟಿಗೆ ಕಾಲು ಬರ್ತಾವೆ” ಎಂದರು. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ನಮ್ಮಿಬ್ಬರ ಕೈ ಮೇಲೆ ಹಾಸಿದರು. “ಕೈಯಾಗೆ ಹೇಳ್ರಿ.”

ದನದ ಜಾತ್ರೆ ನೋಡಿದವರಿಗೆ ಇದು ಗೊತ್ತು. ದರ ಮೂರನೆಯವನಿಗೆ ತಿಳಿಯಬಾರದು ಅಂತ ಟವೆಲಿನ ಕೆಳಗೆ ಕೈಹಿಡಿದು ವ್ಯಾಪಾರ ಮಾಡುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು, ಅದರ ಮೇಲೆ ಇನ್ನು ನಾಲ್ಕು ಬೆರಳು ಹಿಡಿದರೆ ಒಂಬತ್ತು. ನಾನು ಒಂದೊಂದಾಗಿ ಅಂಕಿ ಹಿಡಿದೆ. ಪ್ರತಿ ಅಂಕಿಗೂ ಅವರು ತಿರುಗಿ ನನ್ನ ಕೈ ಒತ್ತುತ್ತಿದ್ದರು. ಖಾತ್ರಿ ಮಾಡಿಕೊಳ್ಳುತ್ತಿದ್ದಾರೆ ಅಂದುಕೊಂಡು ನಾನೂ ಪ್ರತಿ ಸಲ ತಲೆಯಾಡಿಸಿದೆ. ಮುಗಿದ ಮೇಲೆ ಲ್ಯಾಪ್‌ಟಾಪಿಗೂ ಟವೆಲ್ ಹೊದಿಸಿ ತಾವೇ ಒತ್ತಿದರು.

ತೆರೆಯಲಿಲ್ಲ.

ಇನ್ನೊಮ್ಮೆ ಟವೆಲ್ ಹಾಸಿದೆವು. ಇನ್ನೊಮ್ಮೆ ಒತ್ತಿದರು. ಊಹೂಂ. ಯಜಮಾನರ ಹುಬ್ಬು ಗಂಟಾಯಿತು. ನನ್ನ ಕಣ್ಣ ಮುಂದೆ ಡಬ್ಬಿಗಳನ್ನು ಹೊತ್ತ ಲಾರಿ ಬಂದು ನಿಂತಿತು. “ಯಜಮಾನ್ರೇ, ನೀವು ಒತ್ತಿದ್ದನ್ನ ಹಾಗೇ ನನ್ನ ಕೈಯಲ್ಲಿ ಹೇಳಿ” ಎಂದೆ.

ಮೊದಲನೆಯದು ಎಂಟು.

“ಎಂಟಲ್ಲ, ನಾನು ಒಂಬತ್ತು ಹಿಡಿದಿದ್ದೆ” ಎಂದು ಪಿಸುಗುಟ್ಟಿದೆ.

“ನೀವು ಒಂಬತ್ತು ಕೇಳಿದ್ರಿ. ನಾನು ಎಂಟು ಅಂದೆ. ನೀವು ತಲೆ ಆಡಿಸಿದ್ರಿ. ವ್ಯಾಪಾರ ಮುಗೀತಲ್ಲ?”

ಮುಂದಿನದನ್ನು ನೋಡಿದೆ. ಎಲ್ಲದಕ್ಕೂ ಒಂದೊಂದು ಕಡಿಮೆ! ವಂಶಪಾರಂಪರ್ಯವಾಗಿ ಬಂದ ಕೈ. ಟವೆಲಿನ ಕೆಳಗೆ ಹೋದರೆ ಇಳಿಸದೆ ಹೊರಗೆ ಬರಲಾರದು. ಕೊನೆಯ ಅಂಕಿ ಒಂದು ಇತ್ತು, ಅದನ್ನು ಮಾತ್ರ ಮುಟ್ಟಿರಲಿಲ್ಲ. ಯಾಕೆ ಎಂದೆ. “ಅದಕ್ಕಿಂತ ಇಳಿಸಿದ್ರೆ ನಿಮಗೇನು ಉಳೀತೈತೆ ಪಾಪ, ಅಂತ ಬಿಟ್ಟೆ” ಎಂದರು.

ನಾನೇನು ಮಾಡಲಿ? ಮುಗಿದ ವ್ಯಾಪಾರ ಮುರಿಯುವುದು ಭೀಮಸಮುದ್ರದಲ್ಲಿ ಆಗದ ಮಾತು. ಡಬ್ಬಿಯೊಳಗಿನ ಪಾಸ್‌ವರ್ಡನ್ನೇ ಅವರ ದರಕ್ಕೆ ಇಳಿಸಿ ಕೂರಿಸಿದೆ. ತಕ್ಷಣ ತೆರೆಯಿತು. ಯಜಮಾನರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, “ಇರ್ಲಿ ಬಿಡ್ರಿ, ನಿಲ್ಲಲಿ” ಎಂದರು. ಆ ಒಂದು ಮಾತಿಗೆ ನಾನು ನಾಲ್ಕು ತಾಲ್ಲೂಕು ಸುತ್ತಿದ್ದೆ.

ಗಾಳಿಯಲ್ಲಿ ತೇಲುವವನ ಹಾಗೆ ಬಸ್‌ಸ್ಟ್ಯಾಂಡಿನ ಕಡೆ ಹೊರಟವನನ್ನು ಹಿಂದಿನಿಂದ ಯಾರೋ “ಸಾರ್, ಸಾರ್” ಎಂದು ಕೂಗಿದರು. ಪಕ್ಕದ ಮನೆಯ ದಾಯಾದಿ. ಬಾಯಲ್ಲಿನ ಎಲೆಯಡಿಕೆ ಉಗಿದು ಹತ್ತಿರ ಬಂದು, ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈಯ ಮೇಲೆ ಹಾಸಿದ.

“ಎಲ್ಲ ನೋಡ್ದೆ ಸಾರ್. ನನಗೂ ಒಂದು ಡಬ್ಬಿ ಹಾಕ್ರಿ. ಅವನಿಗೆ ಎಷ್ಟಕ್ಕೆ ಬಿಟ್ರಿ ಅಂತ ನಾನು ಕೇಳಲ್ಲ. ಅದಕ್ಕಿಂತ ಒಂದು ಕಡಿಮೆ ಮಾಡಿ ಕೊಡ್ರಿ, ಸಾಕು.”