ಗುಂಯ್ ನಿವಾರಣಾ ಕಾರ್ಯ

ಜೇವರ್ಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಕರೆಂಟಿನ ಬಗ್ಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ನಂಬಿದ್ದೆ.

ನಮ್ಮ ಮಾವನವರು ತತ್ವಪದ ಹಾಡುವವರು. ಗಂಟಲಿನ ಆಪರೇಷನ್ ಆದ ಮೇಲೆ ಅವರ ದನಿ ಸಣ್ಣಗಾಯಿತು. ಇಜೇರಿಯ ಗುಡಿಯ ಸೋಮವಾರದ ಭಜನೆಗೆ ಹೋಗುವುದನ್ನೇ ಬಿಟ್ಟು ಮೂಲೆ ಹಿಡಿದು ಕೂತರು.

"ನೀವು ಹಾಡ್ರಿ ಮಾವಾರ. ಆಂಪ್ಲಿಫೈಯರ್ ನಾ ಮಾಡಿ ಕೊಡ್ತೇನಿ," ಎಂದೆ.

"ಪ್ಯಾಟಿಯೊಳಗ ರೆಡಿ ಸಿಗ್ತಾವಲ್ಲ," ಎಂದರು ನಮ್ಮ ಯಜಮಾನರು. ಬೀಜ-ಗೊಬ್ಬರದ ಅಂಗಡಿಯವರು, ಜಗತ್ತಿನ ಸಮಸ್ತವೂ ಚೀಲದಲ್ಲೇ ಬರುತ್ತದೆ ಎಂಬುದು ಅವರ ಸಿದ್ಧಾಂತ.

ಟ್ರಾನ್ಸ್‌ಫಾರ್ಮರ್, ಡಯೋಡು, ಬೋರ್ಡು ತಂದು ಸ್ಟೀಲ್ ಡಬ್ಬಿಯೊಂದರಲ್ಲಿ ಕೂಡಿಸಿ ಸ್ವಿಚ್ ಹಾಕಿದೆ. ಮಾವನವರ ದನಿ ದೊಡ್ಡದಾಗಿ ಕೇಳಿತು. ಅದರ ಹಿಂದೆಯೇ "ಗುಂಯ್" ಎಂಬುದೂ ಕೇಳಿತು. ಹಾಡು ನಿಂತಿತು. ಗುಂಯ್ ನಿಲ್ಲಲಿಲ್ಲ.

"ಡಬ್ಬ್ಯಾಗ ಜೇನ್ನೊಣ ಸಾಕೀಯೇನಬೇ?" ಎಂದರು ಯಜಮಾನರು.

ಮನೆಗೆ ಬರುವ ಕರೆಂಟು ಅತ್ತಿತ್ತ ಹರಿಯುತ್ತದೆ. ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸಿದರೂ ನೀರು ಕಡಿಮೆಯಾದ ಬೋರಿನ ಪೈಪಿನಂತೆ ಏರುತ್ತ ಇಳಿಯುತ್ತಲೇ ಬರುತ್ತದೆ. ಆ ಏರಿಳಿತವೇ ಗುಂಯ್. ನಡುವೆ ನೀರಿನ ಟಾಕಿಯಂತೆ ಕರೆಂಟು ತುಂಬಿಟ್ಟುಕೊಳ್ಳುವ ಕೆಪಾಸಿಟರ್ ಇದ್ದರೆ ಧಾರೆ ಸಮನಾಗುತ್ತದೆ. ನಾನು ಹಾಕಿದ್ದು ಚಿಕ್ಕದು. ದೊಡ್ಡದು ಹಾಕಿದೆ. ಗುಂಯ್ ಇಳಿಯಿತು, ಪೂರ್ತಿ ಹೋಗಲಿಲ್ಲ.

ಒಂದಕ್ಕೇ ಇಷ್ಟು ಇಳಿದರೆ, ಒಂದು ಸಾಲನ್ನೇ ಹಾಕಿದರೆ ಏನಾದೀತು? ಇಂಥ ಪ್ರಶ್ನೆ ತಲೆಗೆ ಹೊಕ್ಕರೆ ನನಗೆ ಊಟ ಸೇರುವುದಿಲ್ಲ. ಸಾಲು ಹಾಕಿದೆ. ಸ್ವಿಚ್ ಒತ್ತಿದ ಕೂಡಲೇ ಖಾಲಿ ಟಾಕಿಗಳೆಲ್ಲ ಒಮ್ಮೆಲೇ ಬಾಯಿ ತೆರೆದವು. ಫ್ಯೂಜು ಹೋಯಿತು. ದಪ್ಪ ಫ್ಯೂಜು ಹಾಕಿದೆ. ಡಯೋಡುಗಳೇ ಹೋದವು! ಹೊಸ ಡಯೋಡು ಹಾಕುವ ಸಂಭ್ರಮದಲ್ಲಿ ಒಂದು ಕೆಪಾಸಿಟರನ್ನು ಉಲ್ಟಾ ಜೋಡಿಸಿದೆ. ಅದು ಢಬ್ಬೆಂದು ಸಿಡಿದು, ಅದರ ಹೊಟ್ಟೆಯೊಳಗಿನ ಕಾಗದದ ಚೂರುಗಳು ಊಟಕ್ಕೆ ಕೂತಿದ್ದ ಯಜಮಾನರ ತಾಟಿಗೆ ಬಿದ್ದವು.

ಅವರು ಚೂರೊಂದನ್ನು ಎತ್ತಿ ನೋಡಿ, "ಪಲ್ಯಾಕ ಒಗ್ಗರಣಿ ಭಾಳ ಆತು," ಎಂದರು.

ಈ ಅವಾಂತರಗಳ ನಡುವೆಯೂ ಡಬ್ಬಿಗೆ ಜೀವ ಬಂದಾಗೆಲ್ಲ ಮಾವನವರು ಅದರ ಮುಂದೆ ಕೂತು ಹಾಡುತ್ತಿದ್ದರು. ಭಜನೆಗೆ ಹೊರಡುವ ದಿನ ನನಗೆ ಜಯ ಸಿಕ್ಕಿತು. ಎರಡೇ ಕೆಪಾಸಿಟರ್, ನಡುವೆ ಒಂದು ಸಣ್ಣ ರೆಸಿಸ್ಟರ್; ಮೈಕಿನ ವಯರು ಟ್ರಾನ್ಸ್‌ಫಾರ್ಮರಿನಿಂದ ದೂರ. ಸ್ಪೀಕರಿಗೆ ಕಿವಿ ಹಚ್ಚಿದೆ. ಪರಮ ಶಾಂತಿ. ನನಗೆ ಕಣ್ಣೀರೇ ಬಂತು.

ಗುಡಿಯಲ್ಲಿ ಜನ ತುಂಬಿದ್ದರು. ಮಾವನವರು ಬಾಯಿ ತೆರೆದರು. ದನಿ ದಾರಿ ತಪ್ಪಿತು. ಮತ್ತೆ ತೆರೆದರು. ಮತ್ತೆ ತಪ್ಪಿತು.

"ಯವ್ವಾ, ಆ ಸಪ್ಪಳ ಎಲ್ಲಿ ಹೋತು?" ಎಂದು ಮೆಲ್ಲಗೆ ಕೇಳಿದರು.

"ತಗದೇನ್ರಿ ಮಾವಾರ."

"ಅದರದೇ ಸೂರ ಹಿಡದು ಹಾಡೋದು ರೂಢಿ ಆಗಿತ್ತಲ್ಲ. ಗಂಟಲಾಗ ಕಸುವಿಲ್ಲ, ಅದು ಹಿಂದಿದ್ರ ಆಧಾರ ಆಗ್ತಿತ್ತು."

ಶ್ರುತಿಗೆ ಏಕತಾರಿ ಮೀಟುವವರು ಆಳಂದಕ್ಕೆ ಮದುವೆಗೆ ಹೋಗಿದ್ದರು. ನಾನು ಯಜಮಾನರ ಮುಖ ನೋಡಿದೆ.

"ನೀನ ತಗದಿ, ನೀನ ಹಾಕು," ಎಂದರು.

ಸೆರಗು ಹೊದ್ದು ಮಾವನವರ ಪಕ್ಕ ಕೂತೆ. ತುಟಿ ಬಿಗಿದು ಮೈಕಿಗೆ "ಗುಂಯ್" ಎಂದೆ. ಅವರ ಮುಖ ಅರಳಿತು, ದನಿ ಏರಿತು. ಹಿಂದೆ ಕೂತವರೂ ತಲೆದೂಗಿದರು. ಭಜನೆ ಮುಗಿಯುವವರೆಗೆ ವಿಜ್ಞಾನ ಶಿಕ್ಷಕಿ ಗುಂಯ್‌ಗುಟ್ಟಿದಳು.

ಮಂಗಳಾರತಿ ಆದ ಮೇಲೆ ಗುಡಿಯ ಹಿರಿಯರು ಯಜಮಾನರ ಕೈ ಹಿಡಿದು ಹೇಳಿದರು: "ಮುಂದಿನ ಸೋಮವಾರ ಡಬ್ಬಿ ತರದಿದ್ರೂ ನಡೀತದ್ರಿ. ಅಕ್ಕೋರ್ನ ತಪ್ಪದ ಕರ್ಕೊಂಡ್ ಬರ್ರಿ."