ಕೊಲ್ಹಾರದಲ್ಲಿ ಗಡಿ ಕಾಯುವ ನಮ್ಮ ಮಾವ

ದೇಶದ ಗಡಿಯನ್ನು ಸೈನಿಕರು ಕಾಯುತ್ತಾರೆಂದು ನೀವು ತಿಳಿದಿದ್ದರೆ, ಆ ತಿಳಿವಳಿಕೆಯನ್ನು ಈಗಲೇ ತಿದ್ದಿಕೊಳ್ಳಿ. ಅದನ್ನು ಕಾಯುತ್ತಿರುವುದು ಕೊಲ್ಹಾರದಲ್ಲಿ, ಮನೆಯ ಮುಂದಿನ ಕಟ್ಟೆಯ ಮೇಲೆ, ಬನಿಯನ್ ಹಾಕಿಕೊಂಡು ಕೂತ ನನ್ನ ಸೋದರಮಾವ! ಆಯುಧವೆಂದರೆ ಒಂದು ಮೊಬೈಲು. ಕಣ್ಣಲ್ಲಿ ಪೊರೆ. ಕನ್ನಡಕವೇನೋ ಇದೆ, ಆದರೆ ಅದು ಅಂಗಿಯ ಕಿಸೆಯಲ್ಲಿರುತ್ತದೆ. ಅಂಗಿ ಗೂಟದಲ್ಲಿ ನೇತಾಡುತ್ತಿರುತ್ತದೆ. ಇಂಥ ಕಾವಲುಗಾರನಿರುವಾಗ ನಮಗಿನ್ನೇನು ಭಯ ಹೇಳಿ?

ಮುಂಜಾನೆ ಅವನು ಒಂದು ಚಾನೆಲ್ ನೋಡುತ್ತಾನೆ. ಅದರ ಪ್ರಕಾರ ಹೊರದೇಶದವರು ಬೇಲಿ ಹಾರಿ ಬಂದು ಊರೂರಿನಲ್ಲಿ ತುಂಬಿಕೊಂಡಿದ್ದಾರೆ. ಸಂಜೆಗೆ ಇನ್ನೊಂದು ಚಾನೆಲ್. ಅದರ ಪ್ರಕಾರ ಒಂದು ನರಪಿಳ್ಳೆಯೂ ಬಂದಿಲ್ಲ, ಎಲ್ಲ ವೋಟಿಗಾಗಿ ಹೂಡಿದ ನಾಟಕ. ವಿಚಿತ್ರವೆಂದರೆ ಎರಡರಲ್ಲೂ ಅದೇ ಬೇಲಿ, ಅದೇ ಜನ, ತಲೆಯ ಮೇಲೆ ಅದೇ ಗಂಟು! ಕೆಳಗೆ ಓಡುವ ಅಕ್ಷರ ಮಾತ್ರ ಬೇರೆ.

“ಮಾವಾ, ಎರಡರಾಗ ಯಾವುದು ಖರೆ?” ಎಂದು ಕೇಳಿದೆ.

“ಮುಂಜಾನಿದು ಖರೆವಾ. ಅದರಾಗ ಭಾಳ ಒದರ್ತಾರ,” ಎಂದ.

ಒಳಗಿನಿಂದ ಅತ್ತೆಯ ದನಿ ಬಂತು: “ಹೊರಗಿನವ್ರ ಚಿಂತಿ ಆಮ್ಯಾಲೆ ಮಾಡೀರಂತ. ಹೊರಗ ಎಮ್ಮಿ ಒದರಾಕತ್ತೈತಿ, ಮೊದಲ ಅದಕ್ಕ ನೀರು ಕುಡಸ್ರಿ!”

ಒಮ್ಮೆ ಗ್ಯಾಸ್ ಒಲೆ ರಿಪೇರಿ ಮಾಡುವವನೊಬ್ಬ ಓಣಿಗೆ ಬಂದ. ಹೊಸ ಮುಖ! ಮಾವ ಅವನ ಸೈಕಲ್ಲಿಗೆ ಅಡ್ಡ ನಿಂತ.

“ಯಾ ದೇಶದಾಂವ ನೀ?”

“ಮುದ್ದೇಬಿಹಾಳದಾಂವ್ರಿ.”

“ಆಧಾರ್ ಕಾರ್ಡ್ ತಗಿ.”

ಪಾಪ, ತೆಗೆದು ಕೊಟ್ಟ. ಕನ್ನಡಕವಿಲ್ಲದ ಮಾವನಿಗೆ ಅದರಲ್ಲಿ ಏನೂ ಕಾಣಲಿಲ್ಲ. ಆದರೂ ಹಿಂದೆ ಮುಂದೆ ತಿರುಗಿಸಿ ಗಂಭೀರವಾಗಿ ನೋಡಿ ವಾಪಸು ಕೊಟ್ಟ. ಆಗ ಆ ಮನುಷ್ಯ ಬಲು ವಿನಯದಿಂದ ಕೇಳಿದ:

“ನಿಮ್ಮದು ಯಾ ಊರ್ರಿ?”

“ಹಳೇ ಕೊಲ್ಹಾರ.”

“ಅದೆಲ್ಲಿ ಬರ್ತೈತ್ರಿ?”

ಮಾವ ಕೃಷ್ಣೆಯ ಹಿನ್ನೀರಿನ ಕಡೆಗೆ ಕೈ ಮಾಡಿದ. “ಅಲ್ಲಿ. ನೀರಿನ ಬುಡಕ.”

“ನಿಮ್ಮ ಕಾರ್ಡಿನ್ಯಾಗ ಹಂಗ ಬರದಾರೇನ್ರಿ?”

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವತ್ತು ಒಲೆಯ ರಿಪೇರಿಯೂ ಆಯಿತು, ಅವನಿಗೆ ನಮ್ಮಲ್ಲೇ ಊಟವೂ ಆಯಿತು. ಒತ್ತಾಯ ಮಾಡಿ ಮಾಡಿ ರೊಟ್ಟಿ ಬಡಿಸಿದವನು ಮಾವನೇ.

ಆ ನೀರಿನ ಬುಡದಲ್ಲೇ ನನ್ನ ಬಾಲ್ಯದ ಬೇಸಿಗೆಗಳೆಲ್ಲ ಇವೆ. ಸಿಂದಗಿಯಿಂದ ಅವ್ವನ ಜೊತೆ ಬಸ್ಸಿನಲ್ಲಿ ಬಂದಿಳಿದರೆ ಸಾಕು, ನಮ್ಮ ಆಯಿ, ಅಂದರೆ ಈ ಮಾವನ ತಾಯಿ, ಬಾಗಿಲಲ್ಲೇ ನಿಂತು ಮೊಸರಿನ ಮೇಲಿನ ಕೆನೆಯನ್ನು ನನ್ನ ಅಂಗೈಗೆ ಹಾಕುತ್ತಿದ್ದಳು. ಗಡಿಗೆ ಬೋರಲು ಹಾಕಿದರೂ ಬೀಳದಂಥ ಮೊಸರು! ಅಂಥ ಮೊಸರು ಈಗೆಲ್ಲಿ? ಮುಂದೆ ಆಣೆಕಟ್ಟಿನ ನೀರು ಬಂತು, ಊರಿಗೆ ಊರೇ ಎದ್ದು ದಿಬ್ಬ ಹತ್ತಿತು. ತಗಡಿನ ಶೆಡ್ಡಿನಲ್ಲಿದ್ದಾಗಲೇ ಆಯಿ ತೀರಿಕೊಂಡಳು. ಹೊಸ ಮನೆಯ ಹೊಸ್ತಿಲು ತುಳಿಯಲಿಲ್ಲ. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದ್ದ ಅವಳು ಕ್ಯಾಮೆರಾ ಕಂಡರೆ ಸೆರಗು ಎಳೆದುಕೊಳ್ಳುತ್ತಿದ್ದಳು. ಹೀಗಾಗಿ ಅವಳದೊಂದೂ ಫೋಟೋ ಮನೆಯಲ್ಲಿರಲಿಲ್ಲ. ಮಹಾನವಮಿಯ ಹಿರಿಯರ ಪೂಜೆಗೆ ಅಜ್ಜನ ಫೋಟೋದ ಪಕ್ಕ ಅವಳ ಹಿತ್ತಾಳೆ ತಂಬಿಗೆ ಇಡುತ್ತಿದ್ದರು. ನನಗೆ ಅವಳ ಕೈ ನೆನಪಿದೆ, ಮುಖ ನೆನಪಿಲ್ಲ.

“ನನಗೂ ಈಗೀಗ ಅವ್ವನ ಮಾರಿ ಮಸಕ ಆಗಾಕತ್ತೈತೆವಾ,” ಎಂದು ಮಾವ ಒಮ್ಮೆ ಹೇಳಿದ್ದ. ಗಡಿಯ ಬಗ್ಗೆ ಓಣಿಗೆಲ್ಲ ಕೇಳುವಂತೆ ಮಾತಾಡುವವನ ದನಿ ಅವತ್ತು ಬಹಳ ಸಣ್ಣದಾಗಿತ್ತು.

ಹೋದ ಶ್ರಾವಣದಲ್ಲಿ ನಾನು ಕೊಲ್ಹಾರಕ್ಕೆ ಹೋಗಿದ್ದೆ. ಮಾವ ಮುಂಜಾನೆ ಎದ್ದವನೇ ಇಂಡಿ ಊರಿನ ಬೀಗರು, ಬಾಗೇವಾಡಿಯ ಗೆಳೆಯರು, ಮನಗೂಳಿಯ ಅಂಗಡಿಯವರು ಇರುವ ಎಲ್ಲ ಗ್ರೂಪುಗಳಿಗೂ ಒಂದು ಫೋಟೋ ಫಾರ್ವರ್ಡ್ ಮಾಡಿದ್ದ. ತಗಡಿನ ಶೆಡ್ಡುಗಳ ಸಾಲು. ಮುಂದೆ ಕಾಲು ಚಾಚಿ ಕೂತ ಇಬ್ಬರು ಹೆಂಗಸರು. ಕೆಳಗೆ ದಪ್ಪ ಕೆಂಪು ಅಕ್ಷರ: “ಹೊರಗಿನಿಂದ ನುಗ್ಗಿ ನಮ್ಮ ನೆಲ ನುಂಗಿದವರು! ಎಚ್ಚರ!”

ಸ್ವಲ್ಪ ಹೊತ್ತಿಗೆ ಇಮಾಮಸಾಬ ಕಾಕಾ ಏದುಸಿರು ಬಿಡುತ್ತ ಬಂದ. ಹಳೇ ಊರಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ.

“ಏನ್ ಕಳಿಸೀಯೋ ಇದು? ನೋಡಿ ಕಳಿಸೀಯೇನು?”

“ದಪ್ಪ ಅಕ್ಷರ ಓದೇನಿ. ಮಂದಿ ಮಾರಿ ಏನ್ ನೋಡೂದೈತಿ?” ಎಂದ ಮಾವ.

ಇಮಾಮಸಾಬ ಕಾಕಾ ಒಳಗೆ ಹೋಗಿ, ಗೂಟದ ಅಂಗಿಯಿಂದ ಕನ್ನಡಕ ತಂದು, ತಾನೇ ಮಾವನ ಮೂಗಿಗೆ ಏರಿಸಿದ. ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿದ.

“ಈಗ ನೋಡು. ಇಕಿ ನಿಮ್ಮವ್ವ ಅಲ್ಲೇನು? ಬಾಜೂಕ ಕುಂತಾಕಿ ನಮ್ಮವ್ವ.”

ಸೆರಗು ಜಾರಿದ್ದು ತಿಳಿಯದೆ, ಗಡಿಗೆಯ ಬಾಯಿಗೆ ಬಟ್ಟೆ ಕಟ್ಟುತ್ತ, ಪಕ್ಕದವಳ ಯಾವುದೋ ಮಾತಿಗೆ ಆಯಿ ನಗುತ್ತಿದ್ದಳು. ಯಾರೋ ದೂರದಿಂದ ತೆಗೆದ ಫೋಟೋ. ಯಾರ ಯಾರ ಕೈ ದಾಟಿ, ಎಲ್ಲಿ ಆ ಅಕ್ಷರ ಅಂಟಿಸಿಕೊಂಡು ಮನೆಗೆ ಬಂತೋ!

“ನಮ್ಮವ್ವಗ ನಾನ ಬೈದ್ನಲ್ಲೋ ಇಮಾಮಾ!” ಎಂದ ಮಾವ. ಚಿಕ್ಕ ಹುಡುಗನ ಹಾಗೆ ಅತ್ತ. ನನಗೂ ಅಳು ತಡೆಯಲಾಗಲಿಲ್ಲ.

ಎಲ್ಲ ಗ್ರೂಪುಗಳಿಗೂ ನನ್ನಿಂದಲೇ ಬರೆಸಿದ: “ಇಕಿ ನಮ್ಮವ್ವ. ಹೊರಗಿನಾಕಿ ಅಲ್ಲ. ತಪ್ಪು ನಂದು.” ಇಂಡಿಯ ಬೀಗರು ಅದಕ್ಕೊಂದು ಹೆಬ್ಬೆರಳು ಕಳಿಸಿ ಸುಮ್ಮನಾದರು. ಮರುದಿನ ಆಲಮೇಲದ ಯಾರೋ ಪುಣ್ಯಾತ್ಮರು ಅದೇ ಫೋಟೋವನ್ನು ಮಾವನಿಗೇ ಕಳಿಸಿ, “ತಪ್ಪದೆ ಎಲ್ಲರಿಗೂ ಮುಟ್ಟಿಸಿ!” ಎಂದಿದ್ದರು. ಮಾವ ಅವರಿಗೂ ಬರೆಸಿದ: “ಇಕಿ ನಮ್ಮವ್ವ.”

ಆಮೇಲೆ ಇಬ್ಬರು ಗೆಳೆಯರೂ ಕೂಡಿ ಬಾಗೇವಾಡಿಯ ಫೋಟೋ ಸ್ಟುಡಿಯೋಕ್ಕೆ ಹೋದರು. ನಾನೂ ಹೋಗಿದ್ದೆ. ಅಕ್ಷರಗಳು ಸರಿಯಾಗಿ ಆಯಿಯ ಪಾದಗಳ ಮೇಲೇ ಹಾದುಹೋಗಿದ್ದವು.

“ಅಕ್ಷರ ತಗದ್ರ ಕಾಲೂ ಹೋಗ್ತಾವ್ರಿ,” ಎಂದ ಸ್ಟುಡಿಯೋದವನು. “ಬ್ಯಾರೆ ಕಾಲು ಜೋಡಿಸಿ ಕೊಡ್ತೇನಿ. ಕಂಪ್ಯೂಟರಿನ್ಯಾಗ ಬೇಕಾದಷ್ಟು ಅದಾವ.”

“ಯಾರ್ದೋ ಕಾಲಿಗೆ ನಾ ಯಾಕ ನಮಸ್ಕಾರ ಮಾಡ್ಲಿ?” ಎಂದು ಮಾವ ರೇಗಿದ. “ನಮ್ಮವ್ವನ ಕಾಲು ನನಗ ಬೇಕು. ಅಕ್ಷರ ಇದ್ರ ಇರ್ಲಿ.”

ಈ ಮಹಾನವಮಿಗೆ ತಂಬಿಗೆಯ ಜಾಗಕ್ಕೆ ಆಯಿ ಬಂದಳು. ಮಾವ ಕನ್ನಡಕ ಹಾಕಿಕೊಂಡು, ಫೋಟೋದ ಬುಡದಲ್ಲಿ ಸೇವಂತಿಗೆ ಹೂಗಳನ್ನು ಒಂದೊಂದಾಗಿ ಇಟ್ಟು ಆ ಕೆಂಪು ಅಕ್ಷರಗಳನ್ನು ಮುಚ್ಚಿದ. ಹಬ್ಬ ಮುಗಿದ ಮೇಲೂ ಬಿಟ್ಟಿಲ್ಲ. ಹೂವು ಬಾಡಿದರೆ ಅಕ್ಷರಗಳು ಕಾಣುತ್ತವೆ ಎಂದು, ದಿನಾ ಮುಂಜಾನೆ, ಟಿವಿ ಹಚ್ಚುವ ಮೊದಲು, ಅವ್ವನ ಕಾಲಿಗೆ ಹೊಸ ಹೂ ಇಡುತ್ತಾನೆ.